ಬೆವರು, ನೀರು, ಪೆಟ್ಟು: ದಿನದ ವ್ಯಾಯಾಮಕ್ಕೆ ಎಂಥ ವಾಚು?

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಬೆನ್ನಿಗೊಂದು ಹೃದಯಾಘಾತದ ಸುದ್ದಿ ಬರತೊಡಗಿದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಆ ಗಾಬರಿಯಲ್ಲಿ ವಾಕಿಂಗ್ ಶುರು ಮಾಡಿದವರು ಪ್ರತಿ ಬೀದಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಶೂ ಬಂತು, ಟ್ರ್ಯಾಕ್ ಪ್ಯಾಂಟೂ ಬಂತು. ಮುಂದಿನ ಖರ್ಚು ಕೈಗಡಿಯಾರದ್ದು. ತೊಡಕು ಶುರುವಾಗುವುದೇ ಅಲ್ಲಿ. ಡಬ್ಬಿಯ ಮೇಲೆ 5 ಎಟಿಎಂ, ಐಪಿ68, ಡ್ಯುಯಲ್ ಬ್ಯಾಂಡ್ ಜಿಪಿಎಸ್ ಎಂದೆಲ್ಲ ಬರೆದಿರುತ್ತದೆ. ಯಾವುದನ್ನು ಕೇಳಿದರೂ ಮಾರುವ ಹುಡುಗ "ಇದೆ ಸಾರ್" ಅನ್ನುತ್ತಾನೆ. ಈ ಮಾತುಗಳ ಅರ್ಥವೇನು, ಇವುಗಳಲ್ಲಿ ನಿಮಗೆ ಬೇಕಾದದ್ದು ಯಾವುದು, ಯಾವುದಕ್ಕೆ ದುಡ್ಡು ಸುರಿಯಬೇಕಿಲ್ಲ ಅನ್ನುವುದನ್ನು ಬುಡದಿಂದ ನೋಡೋಣ.

## ಮೊದಲು ಒಂದು ಪ್ರಶ್ನೆ

ವ್ಯಾಯಾಮದ ವಾಚಿಗೆ ಎರಡು ಕೆಲಸ. ಒಂದು, ನೀವು ಕೊಡುವ ಏಟು, ಬೆವರು, ನೀರು ತಡೆದುಕೊಂಡು ಬದುಕುವುದು. ಇನ್ನೊಂದು, ನಿಮ್ಮ ಮೈಯ ಬಗ್ಗೆ ಏನನ್ನಾದರೂ ಅಳೆದು ಹೇಳುವುದು. ತಡೆಯುವ ವಾಚು ಅಗ್ಗಕ್ಕೆ ಸಿಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಅಳೆಯುವ ವಾಚಿಗೆ ಬೆಲೆ ಹೆಚ್ಚು, ಚಾರ್ಜು ಬೇಕು, ನಾಲ್ಕೈದು ವರ್ಷದಲ್ಲಿ ಬ್ಯಾಟರಿ ಸೊರಗುತ್ತದೆ. ನಿಮಗೆ ಎರಡನೆಯದು ನಿಜಕ್ಕೂ ಬೇಕೇ ಅನ್ನುವುದು ತೀರ್ಮಾನವಾದರೆ ಅರ್ಧ ಆಯ್ಕೆ ಮುಗಿದಂತೆ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವವರಿಗೆ ಬೇಕಾದದ್ದು ಹೊತ್ತು ನೋಡುವುದು, ಹೆಚ್ಚೆಂದರೆ ಸ್ಟಾಪ್‌ವಾಚು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

## ಒಳಗಿನ ಯಂತ್ರ

ಕೀ ಕೊಡುವ ವಾಚು ನಮ್ಮ ನೆಲದಲ್ಲೇ ಬೆಳೆದದ್ದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಅಪ್ಪನ ಕಾಲದ ಜನತಾ ವಾಚು ಇನ್ನೂ ಹಲವು ಮನೆಗಳಲ್ಲಿ ಟಿಕ್ ಟಿಕ್ ಎನ್ನುತ್ತಿದೆ. ಅದರೊಳಗೆ ಕೂದಲೆಳೆಯಂಥ ಸ್ಪ್ರಿಂಗ್ ಕಟ್ಟಿದ ಪುಟ್ಟ ಚಕ್ರವೊಂದು ಗಂಟೆಗೆ ಸಾವಿರಾರು ಸಲ ಅತ್ತಿತ್ತ ತೂಗುತ್ತಿರುತ್ತದೆ. ಕ್ರಿಕೆಟ್ ಬ್ಯಾಟ್ ಬೀಸಿದಾಗ, ಸುತ್ತಿಗೆ ಹೊಡೆದಾಗ ಆ ತೂಗಾಟ ಕೆಡುತ್ತದೆ. ಏಟು ಜೋರಾದರೆ ಚಕ್ರದ ಮೊನೆಯೇ ಮುರಿಯಬಹುದು. ಮದುವೆ ಮನೆಗೆ ಕಟ್ಟಿಕೊಂಡು ಹೋಗಿ, ಮೈದಾನಕ್ಕೆ ಬೇಡ.

ಸೆಲ್ಲಿನ ವಾಚಿನಲ್ಲಿ ಈ ಕೆಲಸ ಮಾಡುವುದು ಸ್ಫಟಿಕದ ಸಣ್ಣ ಚೂರು. ವಿದ್ಯುತ್ ಹಾಯಿಸಿದರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸಿಗುವುದು ಒಂದು. ಒಳಗಿನ ಎಲೆಕ್ಟ್ರಾನಿಕ್ ಚಿಪ್ ಹೀಗೆ ಲೆಕ್ಕ ಹಾಕಿ ಸೆಕೆಂಡಿಗೊಮ್ಮೆ ಮುಳ್ಳನ್ನು ದೂಡುತ್ತದೆ ಅಥವಾ ಅಂಕಿಯನ್ನು ಬದಲಿಸುತ್ತದೆ. ಸಾಧಾರಣ ಬೆಲೆಯ ವಾಚೂ ತಿಂಗಳಿಗೆ ಹದಿನೈದರಿಂದ ಮೂವತ್ತು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ. ಏಟಿಗೆ ಹೆದರುವ ಚಕ್ರ ಇಲ್ಲದ ಕಾರಣ ಡಿಜಿಟಲ್ ವಾಚು ಕುಲುಕಾಟಕ್ಕೆ ಜಗ್ಗುವುದಿಲ್ಲ. ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುಓ ಇಬೆ ಇದೇ ಗುಣವನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ನಿಲ್ಲಬಾರದು, ಹತ್ತು ಬಾರ್ (ಸುಮಾರು ನೂರು ಮೀಟರ್ ಆಳದಲ್ಲಿರುವಷ್ಟು) ನೀರಿನ ಒತ್ತಡ ತಡೆಯಬೇಕು, ಸೆಲ್ಲು ಹತ್ತು ವರ್ಷ ಬರಬೇಕು ಅನ್ನುವ ಗುರಿಯಿಟ್ಟು ಮಾಡಿದ ಆ ವಾಚು 1983ರಲ್ಲಿ ಜಿ-ಶಾಕ್ ಹೆಸರಲ್ಲಿ ಬಂತು. ಯಂತ್ರದ ಭಾಗವನ್ನು ಹೊರಗವಚಕ್ಕೆ ಬಿಗಿಯದೆ, ನಡುವೆ ತೇಲಿಬಿಟ್ಟಂತೆ ಕೂರಿಸಿದ್ದು ಅದರ ಗುಟ್ಟು.

ಮೂರನೆಯದು ಸ್ಮಾರ್ಟ್‌ವಾಚು. ಸಮಯದ ಲೆಕ್ಕಕ್ಕೆ ಅದರೊಳಗೂ ಸ್ಫಟಿಕವೇ. ಜೊತೆಗೆ ಚಲನೆ ಅಳೆಯುವ ಚಿಪ್, ಬೆನ್ನಿಗೆ ಹಸಿರು ದೀಪ, ಬೆಲೆ ಹೆಚ್ಚಿದ್ದರೆ ಜಿಪಿಎಸ್.

## "30 ಮೀಟರ್" ಅಂದರೆ 30 ಮೀಟರ್ ಅಲ್ಲ

ಅತಿ ಹೆಚ್ಚು ಜನ ಮೋಸಹೋಗುವ ಜಾಗ ಇದು. ವಾಚಿನ ಬೆನ್ನಿಗೆ "ವಾಟರ್ ರೆಸಿಸ್ಟೆಂಟ್ 30 ಮೀಟರ್" ಎಂದಿದ್ದರೆ ಅದನ್ನು ಕಟ್ಟಿಕೊಂಡು ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ಬಾರ್ ಹೆಚ್ಚುತ್ತದೆ. 30 ಮೀಟರ್, 3 ಬಾರ್, 3 ಎಟಿಎಂ ಮೂರೂ ಒಂದೇ ಮಾತು: ಹೊಸ ವಾಚು ಪ್ರಯೋಗಾಲಯದಲ್ಲಿ ಅಲುಗಾಡದೆ ಕೂತು ಅಷ್ಟು ಒತ್ತಡ ತಡೆದಿದೆ. ಇಂಥ ಸಾಮಾನ್ಯ ವಾಚುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಓ 22810. ಅದರಡಿ ಪ್ರತಿ ವಾಚನ್ನೂ ಪರೀಕ್ಷಿಸಬೇಕೆಂದಿಲ್ಲ, ಮಾದರಿಗೆ ಕೆಲವನ್ನು ಪರೀಕ್ಷಿಸಿದರೆ ಸಾಕು. ಮುಳುಗುಗಾರರ ವಾಚಿನ ಮಾನದಂಡ ಐಎಸ್ಓ 6425 ಬೇರೆ. ಅಲ್ಲಿ ಒಂದೊಂದೂ ಪರೀಕ್ಷೆ ದಾಟಬೇಕು.

ಈಜುವಾಗ ಕೈ ಬೀಸುವ ರಭಸಕ್ಕೆ ಒತ್ತಡ ಹತ್ತು ಪಟ್ಟು ಏರುತ್ತದೆ, ಅದಕ್ಕೇ 30 ಮೀಟರ್ ವಾಚು ಈಜಿಗೆ ಆಗದು ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಕೈ ನೀರನ್ನು ಸೀಳಿದರೂ ಹೆಚ್ಚುವ ಒತ್ತಡ ಒಂದು ಬಾರಿನ ಎಂಟನೇ ಒಂದು ಪಾಲು, ಅಂದರೆ ಒಂದೂಕಾಲು ಮೀಟರ್ ಆಳಕ್ಕೆ ಹೋದಷ್ಟೇ. ನಿಜವಾದ ಕಳ್ಳ ವಾಷರ್. ಹಿಂಬದಿಯ ಮುಚ್ಚಳಕ್ಕೆ, ಪಕ್ಕದ ಗುಂಡಿಗಳಿಗೆ ಸುತ್ತಿರುವ ರಬ್ಬರ್ ಉಂಗುರ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ. ಬಿಸಿನೀರು, ಸೋಪು, ಶಾಂಪೂ ಅದರ ಆಯಸ್ಸನ್ನು ಇನ್ನಷ್ಟು ತಿನ್ನುತ್ತವೆ. ಹಂಡೆಯ ಬಿಸಿನೀರು ಹುಯ್ದುಕೊಂಡು ಹೊರಬಂದ ಮೇಲೆ ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಆವಿ ಒಳಗೆ ಹೋಗಿದೆ ಎಂದೇ ಅರ್ಥ. ಅದು ತಾನಾಗಿ ಮಾಯವಾದರೂ ತೇವ ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಅವತ್ತೇ ರಿಪೇರಿ ಅಂಗಡಿಗೆ ಒಯ್ಯಿರಿ.

ಬೀದಿ ಬದಿಯಲ್ಲಿ ಸೆಲ್ಲು ಹಾಕಿಸುವಾಗಲೂ ಎಚ್ಚರ ಬೇಕು. ಚಾಕುವಿನ ತುದಿಯಿಂದ ಮುಚ್ಚಳ ಎಬ್ಬಿಸಿ, ಹೊಸ ಸೆಲ್ಲು ಕೂರಿಸಿ, ಹೆಬ್ಬೆರಳಿನಲ್ಲಿ ಒತ್ತಿ ಮುಚ್ಚಿಕೊಡುತ್ತಾರೆ. ಆ ಹೊತ್ತಿನಲ್ಲಿ ವಾಷರ್ ಕೂದಲೆಳೆಯಷ್ಟು ಸರಿದಿದ್ದರೂ ಬೆನ್ನ ಮೇಲಿನ "100 ಮೀಟರ್" ಬರೀ ಅಕ್ಷರ. ವಾಷರ್ ಹೊಸದು ಹಾಕಿ ಎಂದು ಕೇಳಿ.

ಹಾಗಾದರೆ ಎಷ್ಟಿರಬೇಕು? ಮೀಟರ್ ಲೆಕ್ಕವಿಲ್ಲದೆ ಬರೀ "ವಾಟರ್ ರೆಸಿಸ್ಟೆಂಟ್" ಎಂದಿರುವುದು ಅಥವಾ 30 ಎಂದಿರುವುದು ಬೆವರಿಗೆ, ತುಂತುರು ಮಳೆಗೆ, ಕೈ ತೊಳೆಯುವುದಕ್ಕೆ ಸರಿ. 50 ಮೀಟರಿನದು ಯಾವಾಗಲಾದರೊಮ್ಮೆ ಕೊಳಕ್ಕಿಳಿಯುವವರಿಗೆ. ವಾರಕ್ಕೆ ಮೂರು ದಿನ ಈಜುವವರು, ಮಲೆನಾಡಿನ ಮಳೆಯಲ್ಲಿ ಬೈಕ್ ಓಡಿಸುವವರು, ಗದ್ದೆಗಿಳಿಯುವವರು 100 ಮೀಟರಿನದೇ ನೋಡಿ; ವಾಷರ್ ಸ್ವಲ್ಪ ಸೊರಗಿದರೂ ನೀರು ತಡೆಯುವ ಶಕ್ತಿ ಸಾಕಷ್ಟು ಉಳಿದಿರುತ್ತದೆ. ಯಾವ ವಾಚೇ ಆಗಲಿ ನೀರೊಳಗೆ ಗುಂಡಿ ಒತ್ತಬೇಡಿ. ತಿರುಗಿಸುವ ಗುಂಡಿ ಪೂರ್ತಿ ಒಳಗಿದೆಯೇ ಎಂದು ನೋಡಿಕೊಂಡು ಇಳಿಯಿರಿ.

ಐಪಿ68 ಬೇರೆಯೇ ಅಳತೆ. ಮೊದಲ 6 ಧೂಳಿಗೆ, ಎರಡನೆಯ 8 ನೀರಿಗೆ. ಧೂಳು ಒಳಹೋಗದು, ಒಂದು ಮೀಟರಿಗಿಂತ ಆಳದ ನೀರಿನಲ್ಲಿ ಕಂಪನಿಯೇ ಹೇಳಿದಷ್ಟು ಹೊತ್ತು ಇಟ್ಟರೂ ಕೆಡದು ಎಂಬ ಭರವಸೆ. ಎಷ್ಟು ಆಳ, ಎಷ್ಟು ನಿಮಿಷ ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ಐಪಿ68 ಮಾತ್ರ ಬರೆದು 5 ಎಟಿಎಂ ಬರೆಯದ ಸ್ಮಾರ್ಟ್‌ವಾಚನ್ನು ಈಜಿಗೆ ಕಟ್ಟಬೇಡಿ.

## ಗಾಜು ಮತ್ತು ತೂಕ

ನಮ್ಮ ರಸ್ತೆಯ ಮರಳು, ಧೂಳಿನಲ್ಲಿ ಬೆಣಚುಕಲ್ಲಿನ ಕಣ ಇದ್ದೇ ಇರುತ್ತದೆ. ಗಡಸುತನದ ಮೋಸ್ ಮಾಪಕದಲ್ಲಿ ಅದು 7. ಸಾಮಾನ್ಯ ಮಿನರಲ್ ಗಾಜು ಅದಕ್ಕಿಂತ ಮೆದು. ಹಾಗಾಗಿ ಗೀರು ಬೀಳುತ್ತದೆ. ಸಫೈರ್ ಗಾಜು 9, ಗೀರುವುದಿಲ್ಲ, ಆದರೆ ನೇರ ಏಟಿಗೆ ಒಡೆಯಬಹುದು, ದುಬಾರಿ. ಪ್ಲಾಸ್ಟಿಕ್ಕಿನಂಥ ಅಕ್ರಿಲಿಕ್ ಬೇಗ ಗೀರುತ್ತದೆ, ಒಡೆಯುವುದು ಅಪರೂಪ, ತಿಕ್ಕಿ ಹೊಳಪು ಮಾಡಲೂಬಹುದು. ಗಾಜಿಗಿಂತ ಅಂಚು ಎತ್ತರ ಇರುವ ವಾಚು ಆರಿಸಿ, ಬಿದ್ದಾಗ ಏಟು ಅಂಚಿಗೆ ಬೀಳುತ್ತದೆ. ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ.

ತೂಕವನ್ನು ಹೆಚ್ಚಿನವರು ಗಮನಿಸುವುದಿಲ್ಲ. 1989ರಿಂದ ಬರುತ್ತಿರುವ ಕ್ಯಾಸಿಯೊ ಎಫ್-91ಡಬ್ಲ್ಯೂ ಬರೀ 21 ಗ್ರಾಂ. ಉಕ್ಕಿನ ಚೈನಿನ ವಾಚು ಸುಲಭವಾಗಿ ನೂರು ಗ್ರಾಂ ದಾಟುತ್ತದೆ. ಓಡುವಾಗ ಅದು ಪ್ರತಿ ಹೆಜ್ಜೆಗೂ ಮಣಿಕಟ್ಟಿನ ಮೂಳೆಗೆ ಕುಟ್ಟುತ್ತದೆ.

ಅಂಗಡಿಯಲ್ಲಿ ಒಂದು ಕೆಲಸ ಮಾಡಿ, ಯಾರು ನಕ್ಕರೂ ಪರವಾಗಿಲ್ಲ. ವಾಚು ಕಟ್ಟಿಕೊಂಡು ಅಂಗೈಯನ್ನು ಕೌಂಟರಿಗೆ ಊರಿ, ಮೈಭಾರ ಬಿಟ್ಟು, ದಂಡ ಹೊಡೆಯುವ ಹಾಗೆ ಮಣಿಕಟ್ಟು ಮಡಿಸಿ. ಪಕ್ಕದ ಗುಂಡಿ ಮುಂಗೈಯ ಚರ್ಮಕ್ಕೆ ಚುಚ್ಚಿದರೆ ನಾಳೆ ಸೂರ್ಯನಮಸ್ಕಾರದಲ್ಲೂ ಚುಚ್ಚುತ್ತದೆ. ಕವಚದ ಎರಡೂ ತುದಿ ಮಣಿಕಟ್ಟಿನ ಅಗಲ ಮೀರಿ ಹೊರಚಾಚಿದ್ದರೂ ಅಷ್ಟೆ. ಸಣ್ಣ ಕೈಯ ಹೆಂಗಸರಿಗೆ 46 ಮಿಲಿಮೀಟರ್ ವಾಚು ಹೊಂದದಿರಲು ಕಾರಣ ಇದು. ಅವರಿಗೆ 40ರ ಆಸುಪಾಸಿನದು ಒಳ್ಳೆಯದು.

## ಬೆಲ್ಟು

ಚರ್ಮದ ಬೆಲ್ಟು ಬೆವರಿಗೆ ಆಗದು: ಉಪ್ಪು ಹೀರಿ, ಗಟ್ಟಿಯಾಗಿ, ನಾರುತ್ತದೆ. ಸಿಲಿಕೋನ್ ಬೆಲ್ಟು ತೊಳೆದರೆ ಸ್ವಚ್ಛ, ಆದರೆ ಗಾಳಿಯಾಡದು. ಕೆಳಗೆ ಬೆವರು, ಸೋಪಿನ ನೊರೆ ಉಳಿದು ಚರ್ಮ ಕೆಂಪಾಗಿ ತುರಿಸುತ್ತದೆ. ಅಲರ್ಜಿ ಅಂದುಕೊಂಡು ಮುಲಾಮು ಹುಡುಕುವ ಮುಂಚೆ ದಿನಾ ಸಂಜೆ ಬೆಲ್ಟನ್ನೂ ಕೈಯನ್ನೂ ಬರೀ ನೀರಿನಲ್ಲಿ ತೊಳೆದು ಒಣಗಿಸಿ, ರಾತ್ರಿ ಬಿಚ್ಚಿಡಿ. ನಾಲ್ಕು ದಿನದಲ್ಲಿ ಇಳಿಯದಿದ್ದರೆ ಬಕಲ್ಲಿನ ನಿಕಲ್ ಲೋಹದ ಅಲರ್ಜಿ ಇರಬಹುದು, ಚರ್ಮದ ಡಾಕ್ಟರನ್ನು ಕಾಣಿ.

ನೈಲಾನ್ ಪಟ್ಟಿ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ಎರಡೂ ಕಡೆಯ ಕಡ್ಡಿಗಳೊಳಗೆ ಹಾದು ವಾಚಿನ ಹೊಟ್ಟೆಯ ಕೆಳಗಿನಿಂದ ಬರುವ ಉದ್ದ ಪಟ್ಟಿಯಾದರೆ ಇನ್ನೊಂದು ಲಾಭ: ಒಂದು ಕಡೆಯ ಸ್ಪ್ರಿಂಗ್ ಕಡ್ಡಿ ಹಾರಿಹೋದರೂ ವಾಚು ಕೈಯಲ್ಲೇ ಉಳಿಯುತ್ತದೆ. ಬೆಲ್ಟಿನ ಅಗಲ 18, 20 ಅಥವಾ 22 ಮಿಲಿಮೀಟರ್ ಇದ್ದರೆ ಮುಂದೆ ಯಾವ ಅಂಗಡಿಯಲ್ಲೂ ಬದಲಿ ಸಿಗುತ್ತದೆ. ಕಂಪನಿಯ ವಿಚಿತ್ರ ಕೊಂಡಿ ಇದ್ದರೆ ಅವರ ಹತ್ತಿರವೇ ಹೋಗಬೇಕು.

## ಹಸಿರು ದೀಪ ನಾಡಿ ಎಣಿಸುವ ಬಗೆ

ಕತ್ತಲಲ್ಲಿ ಟಾರ್ಚಿಗೆ ಬೆರಳು ಒತ್ತಿ ಹಿಡಿದರೆ ಬೆರಳು ಕೆಂಪಗೆ ಹೊಳೆಯುತ್ತದೆ. ರಕ್ತ ಕೆಂಪನ್ನು ಬಿಟ್ಟುಕೊಟ್ಟು ಹಸಿರನ್ನು ನುಂಗುವುದರಿಂದ ಹಾಗೆ. ವಾಚು ಈ ಗುಣವನ್ನೇ ಬಳಸುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ತುಂಬಿ ಹಸಿರು ಬೆಳಕು ಹೆಚ್ಚು ನುಂಗಿಹೋಗುತ್ತದೆ. ಎರಡು ಬಡಿತದ ನಡುವೆ ಕಡಿಮೆ. ಮರಳಿ ಬಂದ ಬೆಳಕಿನ ಏರಿಳಿತವನ್ನು ಸಣ್ಣದೊಂದು ಕಣ್ಣು ಎಣಿಸುತ್ತದೆ.

ಆ ಏರಿಳಿತ ಬಹಳ ಸಣ್ಣದು. ಓಡುವಾಗ ಕೈ ಬೀಸುತ್ತದೆ, ವಾಚು ಜಾರುತ್ತದೆ, ಸಂದಿಯಲ್ಲಿ ಹೊರಗಿನ ಬೆಳಕು ನುಗ್ಗುತ್ತದೆ. ಆಗ ನಾಡಿ ಹುಡುಕುವುದು ಜಾತ್ರೆಯಲ್ಲಿ ಪಕ್ಕದಲ್ಲೇ ಡೊಳ್ಳು ಬಾರಿಸುತ್ತಿರುವಾಗ ಎದುರಿನವರ ಪಿಸುಮಾತು ಕೇಳಿಸಿಕೊಂಡ ಹಾಗೆ. ಎಷ್ಟೋ ಸಲ ವಾಚು ಡೊಳ್ಳನ್ನೇ ಎಣಿಸಿಬಿಡುತ್ತದೆ. ನಿಮಿಷಕ್ಕೆ 165 ಹೆಜ್ಜೆ ಇಡುತ್ತಿದ್ದರೆ ನಾಡಿಯೂ 165 ಎಂದು ತೋರಿಸುತ್ತದೆ. ಓಡಲು ಶುರು ಮಾಡಿದ ಎರಡೇ ನಿಮಿಷಕ್ಕೆ 170 ಕಂಡು ಬೆದರಿ ಕೂತವರು ಮೊದಲು ಬೆಲ್ಟು ನೋಡಿಕೊಳ್ಳಬೇಕು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ, ಗುರುತು ಬೀಳದಷ್ಟು ಸಡಿಲವಾಗಿ ಕಟ್ಟಬೇಕು. ದುಬಾರಿ ವಾಚನ್ನು ಬಳೆಯ ಹಾಗೆ ಸಡಿಲ ಬಿಟ್ಟವರಿಗಿಂತ ಅಗ್ಗದ್ದನ್ನು ಸರಿಯಾಗಿ ಕಟ್ಟಿದವರಿಗೆ ನಂಬುವಂಥ ಅಂಕಿ ಸಿಗುತ್ತದೆ. ಹಚ್ಚೆ, ಚಳಿಗೆ ತಣ್ಣಗಾದ ಕೈ, ಡಂಬೆಲ್ ಹಿಡಿದು ಬಿಗಿದ ಮುಷ್ಟಿ ಇವೂ ಅಳತೆಯನ್ನು ಕೆಡಿಸುತ್ತವೆ. ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವ ಎದೆಪಟ್ಟಿ ಇದಕ್ಕಿಂತ ನಿಖರ.

ತಾಳೆ ನೋಡುವುದು ಸುಲಭ. ನಿಂತು, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು, 15 ಸೆಕೆಂಡಿನ ಬಡಿತ ಎಣಿಸಿ ನಾಲ್ಕರಿಂದ ಗುಣಿಸಿ. ಸ್ಟಾಪ್‌ವಾಚು ಇರುವ ಡಿಜಿಟಲ್ ವಾಚೇ ಇದಕ್ಕೆ ಸಾಕು. ಗರಿಷ್ಠ ಬಡಿತಕ್ಕೆ "220ರಲ್ಲಿ ವಯಸ್ಸು ಕಳೆಯಿರಿ" ಅನ್ನುವ ಸೂತ್ರ ಅಂದಾಜು ಮಾತ್ರ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ. ಬಿಪಿಗೆ, ಹೃದಯಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೊಂದುವುದೇ ಇಲ್ಲ, ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ. ನಡೆಯುತ್ತ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂಬಷ್ಟು ಏದುಸಿರು ಇದ್ದರೆ ಅದು ಮಧ್ಯಮ ಶ್ರಮ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಾಡಿ ಎನ್ನುವುದು ಇದನ್ನೇ.

ವಾಚು ಏನು ಮಾಡದು ಅನ್ನುವುದೂ ಗೊತ್ತಿರಲಿ. ಇಸಿಜಿ ಸೌಲಭ್ಯದ ವಾಚು ಬಡಿತದ ಒಂದು ಬಗೆಯ ತಾಳತಪ್ಪನ್ನು ಗುರುತಿಸಬಲ್ಲದು, ಹೃದಯಾಘಾತವನ್ನು ಪತ್ತೆಹಚ್ಚಲಾರದು. ಎದೆ ಹಿಂಡಿದಂತೆ ನೋವು, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ ವಾಚು ಏನೇ ತೋರಿಸಲಿ, 108ಕ್ಕೆ ಫೋನ್ ಮಾಡಿ. ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚುಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಅಂಥ ಅಂಕಿ ನೋಡಿ ಇನ್ಸುಲಿನ್ ಹೆಚ್ಚುಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಕುತ್ತು.

## ಹೆಜ್ಜೆ, ಕ್ಯಾಲೊರಿ, ದೂರ

ಹೆಜ್ಜೆ ಎಣಿಸುವುದು ಕೈಯ ಅಲುಗಾಟ ನೋಡಿ. ಹಾಗಾಗಿ ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಕೂತಲ್ಲೇ ಹೆಜ್ಜೆ ಜಮೆಯಾಗುತ್ತದೆ. ಮಗುವಿನ ಗಾಡಿ ತಳ್ಳುತ್ತ ನಡೆದರೆ ಕೈ ಅಲುಗದೆ ಲೆಕ್ಕ ತಪ್ಪುತ್ತದೆ. ಹತ್ತು ಸಾವಿರದ ಗುರಿ ವೈದ್ಯರು ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿದ ಸಂಖ್ಯೆ ಅದು. ಸರಾಸರಿ 72 ವಯಸ್ಸಿನ ಅಮೆರಿಕದ ಮಹಿಳೆಯರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅಮ್ಮನ ವಾಚು 6,000ಕ್ಕೆ ನಿಂತರೆ ಬೇಸರಪಡುವ ಅಗತ್ಯವಿಲ್ಲ.

ಕ್ಯಾಲೊರಿ ಅಂಕಿಯನ್ನು ಮರೆತುಬಿಡಿ ಎನ್ನುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳ ನಾಡಿ ಲೆಕ್ಕದ ತಪ್ಪು ಶೇ 5ರೊಳಗಿತ್ತು. ಕ್ಯಾಲೊರಿಯಲ್ಲಿ ಅತ್ಯುತ್ತಮವೂ ಸರಾಸರಿ ಶೇ 27ರಷ್ಟು ತಪ್ಪಿತು, ಅತಿ ಕೆಟ್ಟದ್ದು ಶೇ 93. ವಾಚು 300 ಕ್ಯಾಲೊರಿ ಕರಗಿತು ಎಂದದ್ದನ್ನು ನಂಬಿ ಮಸಾಲೆ ದೋಸೆ ತಿಂದರೆ ಲೆಕ್ಕ ಹೊಂದುವುದಿಲ್ಲ.

ದೂರಕ್ಕೆ ಜಿಪಿಎಸ್. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತ ಬಂದಾಗ ಅವುಗಳ ಹೊತ್ತಿನ ವ್ಯತ್ಯಾಸದಿಂದ ವಾಚು ತಾನಿರುವ ಜಾಗ ಕಂಡುಕೊಳ್ಳುತ್ತದೆ. ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ನೀವು ಓಡಿದ ದಾರಿ ನಕ್ಷೆಯಲ್ಲಿ ಪಕ್ಕದ ಕಟ್ಟಡದ ಮೇಲೆ ಹಾದಿರುತ್ತದೆ. ಎರಡು ತರಂಗಾಂತರ ಹಿಡಿಯುವ ಡ್ಯುಯಲ್ ಬ್ಯಾಂಡ್ ವಾಚಿನಲ್ಲಿ ಈ ತೊಂದರೆ ಕಡಿಮೆ. ಅಗ್ಗದ ಡಬ್ಬಿಗಳ ಮೇಲಿನ "ಕನೆಕ್ಟೆಡ್ ಜಿಪಿಎಸ್" ಎಂದರೆ ವಾಚಿನಲ್ಲಿ ಜಿಪಿಎಸ್ ಇಲ್ಲ, ಜೇಬಿನ ಫೋನಿನದ್ದನ್ನು ಎರವಲು ಪಡೆಯುತ್ತದೆ ಎಂದು. "ಏಳು ದಿನ ಬ್ಯಾಟರಿ" ಎಂಬುದೂ ಜಿಪಿಎಸ್ ಆಫ್ ಮಾಡಿದ್ದಾಗಿನ ಲೆಕ್ಕ. ಜಿಪಿಎಸ್ ಹಾಕಿಕೊಂಡು ಓಡಿದರೆ ಗಂಟೆಗಳಲ್ಲಿ ಎಣಿಸಬೇಕು.

## ಯಾರಿಗೆ ಯಾವುದು

ನಡೆಯುವವರಿಗೆ, ಯೋಗ ಮಾಡುವವರಿಗೆ ಹಗುರ ಡಿಜಿಟಲ್ ವಾಚು ಸಾಕು. ಬೆಂಗಳೂರಿನ 10ಕೆ ಓಟಕ್ಕೆ ತಯಾರಾಗುವವರು ಒಳಗೇ ಜಿಪಿಎಸ್ ಇರುವ, ಗುಂಡಿ ಇರುವ ವಾಚು ನೋಡಲಿ; ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಕೇಳುವುದಿಲ್ಲ. ಶಟಲ್ ಆಡುವವರು ರ‍್ಯಾಕೆಟ್ ಹಿಡಿಯದ ಕೈಗೆ ಕಟ್ಟಲಿ. ಕುಮಾರಪರ್ವತದಂಥ ಚಾರಣಕ್ಕೆ ಸೋಲಾರ್ ವಾಚು ಅಥವಾ ದೀರ್ಘ ಬಾಳಿಕೆಯ ಸೆಲ್ಲಿನದು ವಾಸಿ, ಚಾರ್ಜಿನ ಚಿಂತೆ ಇಲ್ಲ. ಕಬಡ್ಡಿಗೆ, ಕುಸ್ತಿಗೆ ಬಿಚ್ಚಿಡಿ. ನಿಮಗಿಂತ ಎದುರಾಳಿಗೆ ಗಾಯ.

ತೋಟದ ಕೆಲಸವೂ ವ್ಯಾಯಾಮವೇ. ಅಡಿಕೆಗೆ ಔಷಧಿ ಹೊಡೆಯುವಾಗ ಸಿಡಿಯುವ ಮೈಲುತುತ್ತ ಲೋಹವನ್ನು ತಿನ್ನುತ್ತದೆ, ಅಲ್ಲಿ ಪ್ಲಾಸ್ಟಿಕ್ ಮೈಯ ವಾಚೇ ಸರಿ. ಟಿಲ್ಲರ್ ಬೆಲ್ಟು, ಅಡಿಕೆ ಸುಲಿಯುವ ಯಂತ್ರದ ಹತ್ತಿರ ಯಾವ ವಾಚೂ ಬೇಡ. ಪಂಪ್‌ಸೆಟ್ಟಿನ ಕರೆಂಟು, ಟ್ರ್ಯಾಕ್ಟರ್ ಬ್ಯಾಟರಿ ಮುಟ್ಟುವ ಮುಂಚೆ ಲೋಹದ ಚೈನು ಬಿಚ್ಚಲೇಬೇಕು.

ಕೊಳ್ಳುವಾಗ ವಾರಂಟಿ ಕಾರ್ಡಿನಲ್ಲಿ ನೀರು ಹೋದರೆ ಹೊಣೆ ಯಾರದು ಎಂದು ಓದಿ. 50 ಮೀಟರ್ ಎಂದು ಬರೆದ ಕಂಪನಿಗಳಲ್ಲೂ ಹಲವು ನೀರಿನ ಹಾನಿಯನ್ನು ವಾರಂಟಿಯಿಂದ ಹೊರಗಿಟ್ಟಿರುತ್ತವೆ. ಸೆಲ್ಲಿನ ನಂಬರ್ ಕೇಳಿಕೊಳ್ಳಿ, ಊರಿನ ಅಂಗಡಿಯಲ್ಲಿ ಸಿಗುವಂಥದ್ದೇ ನೋಡಿ. ಸ್ಮಾರ್ಟ್‌ವಾಚಾದರೆ ಚಾರ್ಜರ್ ಕಳೆದರೆ ಬೇರೆ ಸಿಗುತ್ತದೆಯೇ, ಎಷ್ಟಕ್ಕೆ ಎಂದೂ ಆಗಲೇ ವಿಚಾರಿಸಿ.